ಬಸುರಿಯರು ಹಣ್ಣು ತಿನ್ನುವ ಬಗ್ಗೆ ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರವಿರಲಿ, ಬದಿಯಡ್ಕವಿರಲಿ, ಮುಳ್ಳೇರಿಯವಿರಲಿ, ಸೊಸೆ ಬಸುರಿ ಎಂಬ ಸುದ್ದಿ ಹೊರಬಿದ್ದ ಮರುದಿನವೇ "ಅದು ತಿನ್ನಬೇಡ, ಇದು ಮುಟ್ಟಬೇಡ" ಶುರುವಾಗುತ್ತದೆ. ಆ ಪಟ್ಟಿಯಲ್ಲಿ ಹಣ್ಣುಗಳೇ ಜಾಸ್ತಿ. ವಿಚಿತ್ರವೆಂದರೆ ನಿಜವಾಗಿ ಹೆದರಬೇಕಾದ ಬೇಕರಿ ಜ್ಯೂಸಿನ ಐಸು, ಬಾವಲಿ ಕಚ್ಚಿದ ಪೇರಳೆ (ಸೀಬೆ) ಅದರಲ್ಲಿ ಇರುವುದಿಲ್ಲ.

ಬಪ್ಪಂಗಾಯಿ (ಪಪ್ಪಾಯಿ) ತಿಂದರೆ ಗರ್ಭ ಹೋಗುತ್ತದೆ ಎನ್ನುತ್ತಾರೆ, ಹೌದಾ?

ಕಾಯಿ ಬೇರೆ, ಹಣ್ಣು ಬೇರೆ. ನಮ್ಮಲ್ಲಿ ಹಣ್ಣಾದ ಮೇಲೂ ಅದನ್ನು ಬಪ್ಪಂಗಾಯಿ ಎಂದೇ ಕರೆಯುವುದರಿಂದ ಈ ಗೊಂದಲ ಇನ್ನೂ ಹೆಚ್ಚು. ಹಸಿ ಕಾಯಿಯನ್ನು ಚೂರಿಯಿಂದ ಗೀರಿದರೆ ಬಿಳಿ ಸೊನೆ ಸುರಿಯುತ್ತದೆ. ಅದರಲ್ಲಿ ಪಪೈನ್, ಕೈಮೊಪಪೈನ್ ಎಂಬ ಕಿಣ್ವಗಳಿವೆ. 2002ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಅಧ್ಯಯನವೊಂದರಲ್ಲಿ ಈ ಸೊನೆಯಿಂದ ಗರ್ಭಕೋಶದ ಸ್ನಾಯು ಬಿಗಿದುಕೊಂಡಿತು, ಪೂರ್ತಿ ಮಾಗಿದ ಹಣ್ಣಿನ ರಸದಿಂದ ಹಾಗೆ ಆಗಲಿಲ್ಲ. ಹಣ್ಣು ಮಾಗುತ್ತಾ ಹೋದಂತೆ ಸೊನೆ ಕಡಿಮೆಯಾಗುತ್ತದೆ.

ಹಾಗಾಗಿ ಹಸಿಯದ್ದು ಮತ್ತು ಅರೆಹಣ್ಣು ಬೇಡ, ಪೂರ್ತಿ ಮಾಗಿದ್ದು ತಿನ್ನಬಹುದು. ಮಾಗಿದ್ದು ಹೌದೋ ಅಲ್ಲವೋ ನೋಡುವುದು ಹೀಗೆ: ತೊಟ್ಟಿನ ಹತ್ತಿರ ಉಗುರಿನಿಂದ ಸಣ್ಣಗೆ ಗೀರಿ. ಹಾಲಿನಂಥ ಬಿಳಿ ಹನಿ ಮೂಡಿದರೆ ಇನ್ನೂ ಎರಡು ದಿನ ಅಕ್ಕಿಯ ಡಬ್ಬದಲ್ಲಿಡಿ. ಕೊಯ್ದಾಗ ಸಿಪ್ಪೆಯ ಅಂಚಿನವರೆಗೂ ಕಿತ್ತಳೆ ಬಣ್ಣ ಇರಬೇಕು, ಬೀಜ ಕಪ್ಪಗಿರಬೇಕು. ಸಿಪ್ಪೆಯ ಒಳಮೈಯಲ್ಲಿ ಹಸಿರು ಗೆರೆ ಕಂಡರೆ ಆ ಭಾಗವನ್ನು ದಪ್ಪಗೆ ಹೆರೆದು ಬಿಸಾಡಿ. ಒಂದು ಸಲಕ್ಕೆ ಒಂದು ಬಟ್ಟಲು, ಸುಮಾರು 150 ಗ್ರಾಂ, ಸಾಕು. ರಬ್ಬರ್ ಹಾಲು ಅಥವಾ ರಬ್ಬರ್ ಕೈಗವಸಿನಿಂದ ಮೈ ತುರಿಸುವವರಿಗೆ ಬಪ್ಪಂಗಾಯಿಯೂ ಆಗದೆ ಇರಬಹುದು. ಅಂಥವರು ಬಿಡುವುದು ಒಳ್ಳೆಯದು.

ಹಸಿ ಕಾಯಿಯನ್ನು ಬೇಯಿಸಿದರೆ ಕಿಣ್ವದ ಬಲ ಕುಗ್ಗುತ್ತದೆ ನಿಜ. ಆದರೂ ಒಂಬತ್ತು ತಿಂಗಳು ಪಲ್ಯಕ್ಕೆ ಬೇರೆ ತರಕಾರಿ ಸಿಗುವಾಗ ಬಪ್ಪಂಗಾಯಿಯೇ ಬೇಕೆಂಬ ಹಟ ಯಾಕೆ? ತಿಳಿಯದೆ ನೆಂಟರ ಮನೆಯಲ್ಲಿ ಎರಡು ಚಮಚ ತಿಂದಿದ್ದರೆ ಹೆದರಿ ಕೂರಬೇಕಿಲ್ಲ. ರಕ್ತ ಕಂಡರೆ ಅಥವಾ ಕಿಬ್ಬೊಟ್ಟೆ ಹಿಂಡಿದಂತೆ ನೋವು ಬಂದರೆ ಮಾತ್ರ, ಏನು ತಿಂದಿದ್ದರೂ ತಿನ್ನದಿದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮಿನ ದೋಷವೇ ಕಾರಣ. ಹಿಂದಿನ ದಿನ ತಿಂದ ಹಣ್ಣಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಿಂದವಳ ಮೇಲೆ, ತಪ್ಪು ಹೊರಿಸುವುದು ಅನ್ಯಾಯ.

ಅನಾನಸು?

ತಿನ್ನಬಹುದು. ಅದರ ಬ್ರೋಮಲೈನ್ ಎಂಬ ಕಿಣ್ವ ಹೆಚ್ಚಾಗಿ ದಂಟಿನಲ್ಲೂ ನಡುವಿನ ಗಟ್ಟಿ ದಿಂಡಿನಲ್ಲೂ ಇರುತ್ತದೆ, ನಾವು ತಿನ್ನುವ ತಿರುಳಿನಲ್ಲಿ ಕಡಿಮೆ. ಹೊಟ್ಟೆಗೆ ಹೋದದ್ದರಲ್ಲಿ ಬಹುಪಾಲು ಅಲ್ಲೇ ಜೀರ್ಣವಾಗುತ್ತದೆ. ನಾಲ್ಕೈದು ತುಂಡು ತಿಂದರೆ ಗರ್ಭಕ್ಕೆ ಏನೂ ಆಗುವುದಿಲ್ಲ. ನಾಲಿಗೆ ಉರಿಯುವುದು, ಹುಳಿತೇಗು ಬರುವುದು ಬೇರೆ ವಿಷಯ. ಮೆಣಸ್ಕಾಯಿ (ಸಿಹಿ-ಖಾರದ ಗೊಜ್ಜು) ಮಾಡಿದರೆ ಕುದಿಯುವಾಗ ಆ ಕಿಣ್ವವೂ ಹೋಗುತ್ತದೆ, ಬೆಲ್ಲದ ಮೇಲೆ ಮಾತ್ರ ಕೈ ಹಿಡಿತ ಇರಲಿ.

ದಿನಕ್ಕೆ ಎಷ್ಟು ಹಣ್ಣು ತಿನ್ನಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ವಯಸ್ಕರ ದಿನದ ತಟ್ಟೆಗೆ ಹೇಳುವುದು 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ. ಬಸುರಿಗೆ ದಿನಕ್ಕೆ 150ರಿಂದ 250 ಗ್ರಾಂ ಹಣ್ಣು, ಎರಡು ಮೂರು ಹೊತ್ತಿಗೆ ಹಂಚಿ ತಿಂದರೆ, ಧಾರಾಳವಾಯಿತು. ನಮ್ಮ ಮನೆಗಳಲ್ಲಿ ಹಣ್ಣಿಗಿಂತ ತರಕಾರಿಯೇ ಕಡಿಮೆ ಬೀಳುವುದು.

"ಒಂದು ಹಣ್ಣು" ಎನ್ನುವ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಒಂದು ಕದಳಿಯ (ಸಣ್ಣ ಬಾಳೆಹಣ್ಣು) ತಿರುಳು 50-60 ಗ್ರಾಂ. ಒಂದು ದೊಡ್ಡ ನೇಂದ್ರ ಬಾಳೆಹಣ್ಣಿನದ್ದು 150 ಗ್ರಾಂ ದಾಟುತ್ತದೆ, ಅದರ ಸಕ್ಕರೆ-ಪಿಷ್ಟವೂ ಹೆಚ್ಚು. ಅಂದರೆ ಒಂದು ನೇಂದ್ರ ತಿಂದವರು ಮೂರು ಹಣ್ಣು ತಿಂದ ಹಾಗೆ. ಮಧ್ಯಮ ಗಾತ್ರದ ಒಂದು ಪೇರಳೆ 120-150 ಗ್ರಾಂ. ಬಕ್ಕೆ (ಗಟ್ಟಿ ಸೊಳೆಯ) ಹಲಸಿನ ನಾಲ್ಕು ಸೊಳೆ, ಬೀಜ ತೆಗೆದು, ಸುಮಾರು 100 ಗ್ರಾಂ.

"ಇಬ್ಬರಿಗಾಗಿ ತಿನ್ನು" ಎಂಬ ಮಾತಿಗೂ ಒಂದು ಅಳತೆ ಇದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 350 ಕ್ಯಾಲೊರಿ, ಮೊದಲ ಮೂರು ತಿಂಗಳು ಅದೂ ಬೇಡ. ಒಂದು ಬೇಯಿಸಿದ ನೇಂದ್ರ, ಒಂದು ಲೋಟ ಹಾಲು, ಒಂದು ಹಿಡಿಗಿಂತ ಕಡಿಮೆ ನೆಲಗಡಲೆ: ಇಷ್ಟರಲ್ಲೇ ಅದು ಮುಗಿಯಿತು. ಹಾಲು ಮತ್ತು ನೆಲಗಡಲೆ ಆ ಲೆಕ್ಕದಲ್ಲಿ ಇರಲೇಬೇಕು. ಹಣ್ಣಿನಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಹೆಚ್ಚು ಪ್ರೋಟೀನ್ ಬೇಕು. ಬರೀ ಹಣ್ಣು ತಿಂದು ಹೊಟ್ಟೆ ತುಂಬಿಸಿಕೊಂಡರೆ ಹೆಸರುಕಾಳು, ಮೊಟ್ಟೆ, ಮೀನಿಗೆ ಜಾಗ ಎಲ್ಲಿ?

ಹಲಸಿನಹಣ್ಣು ಉಷ್ಣ ಅಲ್ಲವಾ? ಮನೆಯ ಹಿಂದೆ ಮರ ತುಂಬ ಇದೆ, ಆಸೆ ತಡೆಯುವುದಿಲ್ಲ.

ಉಷ್ಣದಿಂದ ಗರ್ಭಕ್ಕೆ ತೊಂದರೆ ಎನ್ನಲು ಆಧಾರವಿಲ್ಲ. ತೊಂದರೆ ಆಗುವುದು ಹೊಟ್ಟೆ ಉಬ್ಬರದಿಂದ. ಗರ್ಭದ ಹಾರ್ಮೋನಿನಿಂದ ಕರುಳಿನ ಚಲನೆ ಮೊದಲೇ ನಿಧಾನವಾಗಿರುತ್ತದೆ. ಅದರ ಮೇಲೆ ಹತ್ತು ಹದಿನೈದು ಸೊಳೆ ಬಿದ್ದರೆ ವಾಯು ತುಂಬಿ ಉಸಿರಾಡಲೂ ಕಷ್ಟವೆನಿಸುತ್ತದೆ. ಎಂಟನೇ ತಿಂಗಳಲ್ಲಿ ಆ ಉಬ್ಬರಕ್ಕೂ ಹೆರಿಗೆ ನೋವಿಗೂ ವ್ಯತ್ಯಾಸ ತಿಳಿಯದೆ ರಾತ್ರಿ ಗಾಡಿ ಮಾಡಿಕೊಂಡು ಓಡುವುದೂ ಉಂಟು.

ಬೆಳಗ್ಗಿನ ತಿಂಡಿಯಾದ ಎರಡು ಗಂಟೆಯ ಮೇಲೆ ನಾಲ್ಕು ಸೊಳೆ ತಿನ್ನಿ. ಬಕ್ಕೆಯಾದರೆ ಅಗಿದು ತಿನ್ನುತ್ತೀರಿ, ಲೆಕ್ಕ ಸಿಗುತ್ತದೆ. ತುಳುವ (ಮೆತ್ತನೆ ಸೊಳೆಯ ಹಲಸು) ಜಾರಿ ಇಳಿಯುತ್ತದೆ, ಎಷ್ಟು ಹೋಯಿತೆಂದು ಗೊತ್ತಾಗುವುದಿಲ್ಲ, ಅದಕ್ಕೆ ಮೊದಲೇ ತಟ್ಟೆಗೆ ಎಣಿಸಿ ಹಾಕಿಕೊಳ್ಳಿ. ಬೀಜವನ್ನು ಚೆನ್ನಾಗಿ ಬೇಯಿಸಿದರೆ ಸಾರಿಗೆ ಒಳ್ಳೆಯದೇ, ಆದರೆ ಹಣ್ಣು ತಿಂದ ದಿನವೇ ಬೀಜದ ಪಲ್ಯವನ್ನೂ ತಿಂದರೆ ವಾಯು ಇಮ್ಮಡಿ. ಹಣ್ಣಿನ ಕೊಟ್ಟಿಗೆ (ಕಡುಬು), ಬೆರಟಿ, ಮಾಂಬಳ (ಒಣಗಿಸಿದ ಹಣ್ಣಿನ ಹಾಳೆ) ಇವೆಲ್ಲ ಸಿಹಿತಿಂಡಿಯ ಲೆಕ್ಕಕ್ಕೆ ಸೇರುತ್ತವೆ, ಹಣ್ಣಿನ ಲೆಕ್ಕಕ್ಕಲ್ಲ. ಐದು ಸೇರು ಹಣ್ಣು ಕಾಯಿಸಿ ಬೆಲ್ಲ ಹಾಕಿ ಒಂದು ಭರಣಿಗೆ ಇಳಿಸಿದ್ದು ಬೆರಟಿ, ಅದರ ಒಂದು ಉಂಡೆಯಲ್ಲಿ ಎಷ್ಟು ಸಕ್ಕರೆ ಇರಬಹುದು ನೀವೇ ಊಹಿಸಿ.

ಕಬ್ಬಿಣದ ಮಾತ್ರೆಯ ಜೊತೆ ಯಾವ ಹಣ್ಣು? ಹಣ್ಣು ತಿಂದರೆ ಮಾತ್ರೆ ಬಿಡಬಹುದಾ?

ಬಿಡಬಾರದು. ಗರ್ಭಿಣಿಗೆ ದಿನಕ್ಕೆ 27 ಮಿ.ಗ್ರಾಂ ಕಬ್ಬಿಣ ಬೇಕು. 100 ಗ್ರಾಂ ದಾಳಿಂಬೆಯಲ್ಲಿ ಇರುವುದು ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ದಾಳಿಂಬೆ, ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಹಣ್ಣಿನ ಕೆಲಸ ಬೇರೆ: ಅದರ ಸಿ ಜೀವಸತ್ವ ಮಾತ್ರೆಯ ಮತ್ತು ಸೊಪ್ಪು-ಕಾಳಿನ ಕಬ್ಬಿಣವನ್ನು ಕರುಳು ಹೀರಿಕೊಳ್ಳುವಂತೆ ಮಾಡುತ್ತದೆ. ಗರ್ಭಿಣಿಗೆ ಬೇಕಾದ ಸಿ ಜೀವಸತ್ವ ದಿನಕ್ಕೆ 80 ಮಿ.ಗ್ರಾಂ. ಹಿತ್ತಿಲ ಪೇರಳೆಯಲ್ಲಿ 100 ಗ್ರಾಮಿಗೆ ಸುಮಾರು 200 ಮಿ.ಗ್ರಾಂ ಇದೆ, ಅರ್ಧ ಪೇರಳೆ ತಿಂದರೆ ದಿನದ್ದು ಆಯಿತು. ನೆಲ್ಲಿಕಾಯಿ ಅದಕ್ಕಿಂತಲೂ ಮೇಲು. ದುಬಾರಿ ಕಿವಿ ಹಣ್ಣು ತರಲು ಪೇಟೆಗೆ ಹೋಗಬೇಕಿಲ್ಲ.

ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ. ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು, ಊಟದ ಜೊತೆ. ಇವೆರಡನ್ನು ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ, ಎರಡು ಗಂಟೆಯ ಅಂತರ ಬೇಕು. ನಡೆಯುವಂಥ ಒಂದು ಕ್ರಮ: ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಕಬ್ಬಿಣದ ಮಾತ್ರೆಯನ್ನು ನೀರಿನಲ್ಲಿ ನುಂಗಿ ಅರ್ಧ ಪೇರಳೆ ಅಥವಾ ಒಂದು ನೆಲ್ಲಿಕಾಯಿ, ಒಂದೂವರೆಗೆ ಊಟದೊಂದಿಗೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟಕ್ಕೆ ಇನ್ನೊಂದು.

ಇದು ಕೆಡುವುದು ಚಹಾದಿಂದ. ಹನ್ನೊಂದು ಗಂಟೆಯ ಚಾಯ ನಮ್ಮೂರಿನ ಹಟದ ಅಭ್ಯಾಸ, ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಮಾತ್ರೆಯ ಹಿಂದೆ ಮುಂದೆ ಒಂದೊಂದು ಗಂಟೆಯಾದರೂ ಚಹಾ, ಕಾಫಿ, ಹಾಲು ಬೇಡ. ವಾಕರಿಕೆ ಬರುವವರು ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಬದಲಿಸಿಕೊಳ್ಳಬಹುದು. ಆಗ ರಾತ್ರಿಯ ಕ್ಯಾಲ್ಸಿಯಂ ಬೇಗ ಮುಗಿದಿರಬೇಕು. ಮಲ ಕಪ್ಪಗಾಗುವುದು ಸಹಜ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅದಕ್ಕೆ ಮಾತ್ರೆಯ ಪ್ರಮಾಣವನ್ನು ವೈದ್ಯರು ಹೇಳಬೇಕು, ಖರ್ಜೂರ ಹೆಚ್ಚಿಸಿ ಸರಿಪಡಿಸಲು ಆಗದು.

ಮೊದಲ ಮೂರು ತಿಂಗಳು ಏನು ತಿಂದರೂ ವಾಂತಿ. ಯಾವ ಹಣ್ಣು ನಿಲ್ಲುತ್ತದೆ?

ಯಾವುದು ನಿಲ್ಲುತ್ತದೋ ಅದು. ಬರಿ ಹೊಟ್ಟೆಗೆ ಮುಸುಂಬಿ, ಕಿತ್ತಳೆಯಂಥ ಹುಳಿ ಬೇಡ. ಎದ್ದ ಕೂಡಲೆ ಎರಡು ಬಿಸ್ಕತ್ತು ಅಥವಾ ಒಂದು ಹಿಡಿ ಅರಳು, ಹತ್ತು ನಿಮಿಷ ಬಿಟ್ಟು ಹಣ್ಣು. ತಣ್ಣಗಿರುವುದಕ್ಕೆ ವಾಸನೆ ಕಡಿಮೆ, ಅದಕ್ಕೆ ಫ್ರಿಜ್ಜಿನಲ್ಲಿಟ್ಟ ಬಚ್ಚಂಗಾಯಿ (ಕಲ್ಲಂಗಡಿ), ಸೇಬಿನ ತೆಳು ಹೋಳು ಹಲವರಿಗೆ ಒಗ್ಗುತ್ತದೆ. ಮಾಗಿದ ಹಲಸು, ಅತಿಯಾಗಿ ಮಾಗಿದ ಬಾಳೆಹಣ್ಣನ್ನು ಅಡುಗೆಮನೆಯಿಂದ ಆಚೆ ಇಡಿ, ವಾಸನೆಗೇ ವಾಂತಿ ಬರುತ್ತದೆ. ಇಡೀ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಗಾಢ ಹಳದಿಯಾಗಿ ಕಡಿಮೆಯಾದರೆ, ಹಣ್ಣಿನ ಪ್ರಯೋಗ ಬಿಟ್ಟು ಡ್ರಿಪ್ ಹಾಕಿಸಿಕೊಳ್ಳಬೇಕು.

ಶುಗರ್ ಬಂದಿದೆ ಎಂದರು. ಇನ್ನು ಹಣ್ಣು ಪೂರ್ತಿ ಬಂದ್ ಮಾಡಬೇಕಾ?

ಬೇಡ. ಬಂದ್ ಮಾಡಬೇಕಾದ್ದು ಜ್ಯೂಸು, ಮಿಲ್ಕ್‌ಶೇಕ್, ಹಣ್ಣಿನ ಪಾಯಸ. ಹಣ್ಣಿಗೆ ಅಳತೆ ಬೇಕು, ಹೊತ್ತು ಬೇಕು.

ನಮ್ಮ ದೇಶದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ಪರೀಕ್ಷಿಸುತ್ತಾರೆ. 140 ಅಥವಾ ಮೇಲಿದ್ದರೆ ಗರ್ಭಕಾಲದ ಮಧುಮೇಹ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ. ಆ ಮೇಲೆ ಇಟ್ಟುಕೊಳ್ಳಬೇಕಾದ ಗುರಿ: ಬರಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ.

ಒಂದು ಹೊತ್ತಿಗೆ ಸುಮಾರು 15 ಗ್ರಾಂ ಕಾರ್ಬೊಹೈಡ್ರೇಟಿನ ಹಣ್ಣು ಎಂದು ಹಿಡಿದರೆ ನಮ್ಮೂರ ಲೆಕ್ಕ ಹೀಗೆ ಬರುತ್ತದೆ: ಒಂದು ಕದಳಿ, ಅಥವಾ ನೇಂದ್ರದ ಮೂರನೇ ಒಂದು ಭಾಗ, ಅಥವಾ ಒಂದು ಪೇರಳೆ, ಅಥವಾ ಸಣ್ಣ ಮಾವಿನಹಣ್ಣಿನ ಒಂದು ಕೆನ್ನೆ, ಅಥವಾ ಹಲಸಿನ ಎರಡು ಮೂರು ಸೊಳೆ, ಅಥವಾ ಒಂದು ಬಟ್ಟಲು ಬಪ್ಪಂಗಾಯಿ, ಅಥವಾ ಎರಡು ಸಣ್ಣ ಖರ್ಜೂರ. ಎಲ್ಲವೂ "ಅಥವಾ", "ಮತ್ತು" ಅಲ್ಲ. ದಿನಕ್ಕೆ ಎರಡು ಸಲ, ಬೆಳಗ್ಗೆ ಹನ್ನೊಂದಕ್ಕೆ ಮತ್ತು ಸಂಜೆ ನಾಲ್ಕಕ್ಕೆ. ಬೆಳಗ್ಗಿನ ತಿಂಡಿಯ ಜೊತೆ ಬೇಡ, ಆ ಹೊತ್ತಿನಲ್ಲಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಮಣಿಯುವುದಿಲ್ಲ. ಗಂಜಿ, ದೋಸೆಯ ಮೇಲೆ ಹಣ್ಣೂ ಬಿದ್ದರೆ ಸಕ್ಕರೆ ಜಿಗಿಯುತ್ತದೆ. ಹಣ್ಣಿನ ಜೊತೆ ಐದಾರು ಬಾದಾಮಿ ಅಥವಾ ಒಂದು ಹಿಡಿ ಹುರಿಗಡಲೆ ತಿಂದರೆ ಏರುವುದು ನಿಧಾನ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದವರು ಒಮ್ಮೆ ಪರೀಕ್ಷಿಸಿ: ಒಂದು ದಿನ ಒಂದೇ ಬಗೆಯ ಹಣ್ಣು ಅಳೆದು ತಿಂದು, ತಿನ್ನಲು ಶುರುಮಾಡಿದ ಎರಡು ಗಂಟೆಗೆ ನೋಡಿ ಬರೆದಿಡಿ. ಒಬ್ಬಳಿಗೆ ಮಾವು ಏರಿಸುತ್ತದೆ, ಇನ್ನೊಬ್ಬಳಿಗೆ ಏರಿಸದು. ನೇರಳೆ ಬೀಜದ ಪುಡಿಯನ್ನು ಇನ್ಸುಲಿನ್ ಬದಲಿಗೆ ತಿನ್ನಿಸುವವರ ಮಾತು ಕೇಳಬೇಡಿ.

ಜ್ಯೂಸ್ ಅಂಗಡಿಯಲ್ಲಿ ಏನಾದರೂ ಕುಡಿಯಬಹುದಾ?

ಒಂದು ಲೋಟ ಮುಸುಂಬಿ ಜ್ಯೂಸಿಗೆ ಮೂರು ನಾಲ್ಕು ಹಣ್ಣು ಹಿಂಡುತ್ತಾರೆ, ನಾರು ಜರಡಿಯಲ್ಲಿ ಉಳಿಯುತ್ತದೆ, ಮೇಲೆ ಎರಡು ಚಮಚ ಸಕ್ಕರೆ ಬೀಳುತ್ತದೆ. ಶಾರ್ಜಾ ಶೇಕ್ ಎಂದರೆ ಕಲ್ಲಿನಂತೆ ಹೆಪ್ಪುಗಟ್ಟಿದ ಹಾಲು, ಒಂದೆರಡು ಬಾಳೆಹಣ್ಣು, ಸಕ್ಕರೆ, ಮೇಲಿಂದ ಹಾರ್ಲಿಕ್ಸೋ ಬೂಸ್ಟೋ. ಅದು ಒಂದು ಊಟ.

ಸಕ್ಕರೆಗಿಂತ ದೊಡ್ಡ ಚಿಂತೆ ಐಸ್ ಮತ್ತು ನೀರು. ಕುದಿಸದ ನೀರು, ಅದರ ಐಸು ಕಾಮಾಲೆ ಹರಡುವ ದಾರಿ. ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್ ಇ ಬೇರೆಯವರಿಗೆ ಬಂದು ಹೋಗುವ ಕಾಯಿಲೆ. ಕೊನೆಯ ಮೂರು ತಿಂಗಳಿನ ಗರ್ಭಿಣಿಗೆ ಬಂದರೆ ನೂರರಲ್ಲಿ 20-25 ಮಂದಿಯವರೆಗೂ ಜೀವಕ್ಕೇ ಸಂಚಕಾರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಗೆ ಹೊರಗಿನ ಐಸು ಬೇಡವೇ ಬೇಡ. ಕುಲುಕ್ಕಿ ಸರ್ಬತ್ತಿನಲ್ಲಿ ಐಸು ಬೇಡ ಎಂದರೂ ನೀರು ಅದೇ ಕೊಡಪಾನದ್ದು. ದಾರಿಯಲ್ಲಿ ಬಾಯಾರಿದರೆ ಬೊಂಡ (ಎಳನೀರು) ಕೆತ್ತಿಸಿಕೊಂಡು ಕಣ್ಣೆದುರೇ ಕುಡಿಯಿರಿ. ಕತ್ತರಿಸಿ ಪ್ಲಾಸ್ಟಿಕ್ ಹೊದಿಸಿಟ್ಟ ಬಚ್ಚಂಗಾಯಿಯೂ ಬೇಡ, ನಮ್ಮ ಸೆಕೆಗೆ ಕತ್ತರಿಸಿದ ಹಣ್ಣು ಹೊರಗೆ ಒಂದು ಗಂಟೆ ಇದ್ದರೇ ಹೆಚ್ಚು.

ಬಾವಲಿ, ಹಕ್ಕಿ ಕಚ್ಚಿದ ಹಣ್ಣನ್ನು ಆ ಭಾಗ ತೆಗೆದು ತಿನ್ನುವುದು ರೂಢಿ. ತಪ್ಪಾ?

ತಪ್ಪು. "ಗಿಳಿ ಕಚ್ಚಿದ ಪೇರಳೆಗೇ ರುಚಿ" ಎನ್ನುವುದನ್ನು 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ಬಿಡಬೇಕಿತ್ತು. ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಜೊಲ್ಲಿನಲ್ಲಿ ಆ ವೈರಸ್ ಇರಬಹುದು. 2023ರಲ್ಲಿ ಮತ್ತೆ ಬಂತು. ಗಿಳಿ ಕಚ್ಚಿದ್ದೋ ಬಾವಲಿ ಕಚ್ಚಿದ್ದೋ ಗುರುತು ನೋಡಿ ಹೇಳಲಾಗದು. ಹಲ್ಲಿನ ಗೀರು, ಉಗುರಿನ ಗುರುತು, ಸಣ್ಣ ತೂತು ಇದ್ದರೆ ಇಡೀ ಹಣ್ಣನ್ನು ಹೂತುಬಿಡಿ, ಕೈ ಸಾಬೂನಿನಲ್ಲಿ ತೊಳೆಯಿರಿ. ಪೇರಳೆ, ಜಂಬುನೇರಳೆ, ರಂಬುಟಾನ್, ಮಾವು, ಗೇರುಹಣ್ಣು ಹೆಚ್ಚಾಗಿ ಸಿಕ್ಕಿಬೀಳುವವು. ರಾತ್ರಿ ಬಿದ್ದದ್ದನ್ನು ಬೆಳಗ್ಗೆ ಹೆಕ್ಕುವ ಕೆಲಸ ಬಸುರಿಯದ್ದಾಗಬಾರದು.

ಪೇಟೆಯ ಹಣ್ಣಿಗೆ ಮದ್ದು ಹಾಕಿರುತ್ತಾರಲ್ಲ, ತೊಳೆಯುವುದು ಹೇಗೆ?

ಕಾರ್ಬೈಡ್ ಇಟ್ಟು ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರುತ್ತದೆ. ಎಥಿಲೀನ್ ಅನಿಲಕ್ಕೆ ಮಾತ್ರ ಅನುಮತಿ ಇದೆ. ಮಾವಿನಹಣ್ಣು ಸುತ್ತಲೂ ಒಂದೇ ಸಮ ಹಳದಿ, ಒತ್ತಿದರೆ ಗಟ್ಟಿ, ತೊಟ್ಟಿನ ಹತ್ತಿರ ಮೂಗಿಟ್ಟರೆ ಪರಿಮಳವಿಲ್ಲ, ಕೊಯ್ದರೆ ಓಟೆಯ ಸುತ್ತ ಬಿಳಿಚಿದ ಹುಳಿ: ಅನುಮಾನಪಡಿ. ನೇಂದ್ರದಲ್ಲಿ ಹಣ್ಣು ಹಳದಿಯಾಗಿದ್ದು ಗೊನೆಯ ದಿಂಡು ಕಡುಹಸಿರಾಗಿದ್ದರೆ ಕೇಳಿ ಕೊಳ್ಳಿ. ಸುಲಭದ ಉಪಾಯವೆಂದರೆ ಕಾಯಿಯನ್ನೇ ತಂದು ಮನೆಯಲ್ಲಿ ಬೈಹುಲ್ಲಿನಲ್ಲಿ ಇಡುವುದು.

ತೊಳೆಯುವಾಗ ಹರಿಯುವ ನೀರಿನಡಿ ಕೈಯಿಂದ ಉಜ್ಜಿ. ದ್ರಾಕ್ಷಿಯ ಗೊಂಚಲನ್ನು ಬಿಡಿಸಿಯೇ ತೊಳೆಯಬೇಕು. ಸಿಪ್ಪೆಯೊಂದಿಗೆ ತಿನ್ನುವ ಸೇಬು, ದ್ರಾಕ್ಷಿಗಳನ್ನು ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡಾ ಬೆರೆಸಿ 15 ನಿಮಿಷ ಮುಳುಗಿಸಿ, ಮತ್ತೆ ತೊಳೆಯಿರಿ. ಮೇಲ್ಮೈಯದ್ದು ಹೋಗುತ್ತದೆ, ಒಳಗೆ ಇಳಿದದ್ದು ಹೋಗದು. ಪಾತ್ರೆ ತೊಳೆಯುವ ಸಾಬೂನು ಬೇಡ. ಸಿಪ್ಪೆ ತೆಗೆಯುವ ಹಣ್ಣನ್ನೂ ತೊಳೆಯಬೇಕು, ಚೂರಿಯೇ ಸಿಪ್ಪೆಯ ಕೊಳೆಯನ್ನು ತಿರುಳಿಗೆ ಒಯ್ಯುತ್ತದೆ. ಮೀನು ಕೊಯ್ದ ಮಣೆಯ ಮೇಲೆ ಹಣ್ಣು ಕೊಯ್ಯಬೇಡಿ.

ಗೇರುಹಣ್ಣು ತಿನ್ನಬಹುದಾ? ಎಂಡೋಸಲ್ಫಾನ್ ಕೀಟನಾಶಕದ ಹೆದರಿಕೆ ಇನ್ನೂ ಇದೆ.

ಆ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಎಣ್ಮಕಜೆಯೂ ಸೇರಿದಂತೆ ಈ ಭಾಗದ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದನ್ನು ಇಲ್ಲಿಯ ಮನೆಗಳು ಮರೆಯುವ ಹಾಗಿಲ್ಲ. ಆಕಾಶದಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಷೇಧಿಸಿತು. ಇವತ್ತು ಕೇಳಬೇಕಾದ ಪ್ರಶ್ನೆ ಈ ಮರಕ್ಕೆ ಈ ವರ್ಷ ಏನು ಹೊಡೆದಿದ್ದಾರೆ ಎಂಬುದು. ಏನೂ ಹೊಡೆಯದ ಮನೆಯ ಮರದ ಹಣ್ಣು ಪೇರಳೆಯಷ್ಟೇ ಒಳ್ಳೆಯ ಸಿ ಜೀವಸತ್ವದ ಮೂಲ. ಗಂಟಲು ಕೆರೆಯುವುದು ಟ್ಯಾನಿನ್ನಿನಿಂದ. ಉದ್ದಕ್ಕೆ ಸೀಳಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟರೆ, ಅಥವಾ ರಸಕ್ಕೆ ಸ್ವಲ್ಪ ಗಂಜಿತಿಳಿ ಬೆರೆಸಿ ಕೆಳಗೆ ಕೂತದ್ದನ್ನು ಬಿಟ್ಟು ಸೋಸಿದರೆ ಕಡಿಮೆಯಾಗುತ್ತದೆ. ಬೆಳಗ್ಗೆ ಹಿಂಡಿದ ರಸ ಸಂಜೆಗೆ ಹುಳಿಯಲು ಶುರುವಾಗುತ್ತದೆ, ಅದನ್ನು ಕುಡಿಯಬೇಡಿ.

ಬಯಕೆ ಎಂದರೆ ಬರೀ ಉಪ್ಪುಮಾವಿನಕಾಯಿ. ಕೊಡಬಹುದಾ?

ಹಸಿ ಮಾವಿನಕಾಯಿಯ ಎರಡು ಹೋಳಿಗೆ ಚಿಟಿಕೆ ಉಪ್ಪು, ಮೆಣಸಿನ ಪುಡಿ ಹಾಕಿ ಕೊಟ್ಟರೆ ತೊಂದರೆ ಇಲ್ಲ. ಭರಣಿಯಲ್ಲಿ ವರ್ಷ ಕಾದ ಉಪ್ಪುಮಾವಿನಕಾಯಿ, ಉಪ್ಪುಸೊಳೆಗಳನ್ನು ನಾಲ್ಕು ಸಲ ನೀರು ಬದಲಿಸಿ ಉಪ್ಪು ಬಿಡಿಸಿಯೇ ಬಳಸಬೇಕು. ಬಿಪಿ ಏರಿದ್ದರೆ, ಮುಖ ಊದಿಕೊಂಡಿದ್ದರೆ ಅದೂ ಬೇಡ. ಬೀದಿಬದಿಯ ಬಾಟಲಿಗಳಲ್ಲಿ ಉಪ್ಪುನೀರಲ್ಲಿ ತೇಲುವ ನೆಲ್ಲಿಕಾಯಿ, ಅನಾನಸುಗಳನ್ನು ಯಾವ ನೀರಿನಲ್ಲಿ, ಯಾವ ವಿನೆಗರಿನಲ್ಲಿ ಹಾಕಿದ್ದಾರೆ ಎಂದು ನೋಡಿದವರಿಲ್ಲ.

ಬಯಕೆ ಹುಳಿಯನ್ನು ದಾಟಿ ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸು ಕಡೆಗೆ ತಿರುಗಿದರೆ ಹೆಚ್ಚಾಗಿ ಕಬ್ಬಿಣದ ಕೊರತೆ. ನಾಚಿಕೆಯಿಂದ ಮುಚ್ಚಿಡದೆ ಆಶಾ ಕಾರ್ಯಕರ್ತೆಗೋ ನರ್ಸಿಗೋ ಹೇಳಿ.

ದಾರೆಹುಳಿ (ಸ್ಟಾರ್ ಫ್ರೂಟ್), ಬಿಂಬುಳಿ, ಪುನರ್ಪುಳಿ (ಕೋಕಂ)?

ಸಾರಿಗೆ ಹುಳಿಯಾಗಿ ಒಂದೆರಡು ಬಿಂಬುಳಿ ಹಾಕಿದರೆ ಏನಿಲ್ಲ. ಅದರ ರಸವನ್ನು ಕೊಲೆಸ್ಟರಾಲ್ ಇಳಿಯಲೆಂದು ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ಕೇರಳದಲ್ಲೇ ವರದಿಯಾಗಿವೆ, ಕಾರಣ ಆಕ್ಸಲೇಟ್. ದಾರೆಹುಳಿಯೂ ಅದೇ ಜಾತಿಯದು. ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ಮುಟ್ಟಲೇಬಾರದು, ನರಕ್ಕೆ ವಿಷವಾಗುವ ಅಂಶವೂ ಅದರಲ್ಲಿದೆ.

ಪುನರ್ಪುಳಿಯ ತೆಳು ಸಾರು, ಶರಬತ್ತು ಧಾರಾಳವಾಗಿ ಕುಡಿಯಿರಿ, ಸಕ್ಕರೆ ಕಡಿಮೆ ಹಾಕಿ. ಅದೇ ಕುಲದ ಗಿಡದಿಂದ ಮಾಡಿದ ತೂಕ ಇಳಿಸುವ ಗಾರ್ಸಿನಿಯಾ ಮಾತ್ರೆಗಳು ಮಾತ್ರ ಗರ್ಭದಲ್ಲಿ ಬೇಡ.

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತದಾ? ನೇರಳೆ ತಿಂದರೆ ಮಗು ಕಪ್ಪಾಗುತ್ತದಾ?

ಎರಡೂ ಇಲ್ಲ. ಅವಳಿಯಾಗುವುದು ಗರ್ಭ ನಿಂತ ಮೊದಲ ದಿನಗಳಲ್ಲೇ ತೀರ್ಮಾನವಾಗಿರುತ್ತದೆ, ಐದನೇ ತಿಂಗಳಿನ ಬಾಳೆಹಣ್ಣು ಅದನ್ನು ಬದಲಿಸಲಾರದು. ಬಣ್ಣ ಅಪ್ಪ ಅಮ್ಮನ ಕಡೆಯದು. ನೇರಳೆಯಿಂದ ಕಪ್ಪಾಗುವುದು ನಾಲಿಗೆ ಮಾತ್ರ.

ಮಲಬದ್ಧತೆ ವಿಪರೀತ. ಎದೆಯುರಿಯೂ ಇದೆ.

ಮಲಬದ್ಧತೆಗೆ ಬೀಜ ಸಮೇತ ಪೇರಳೆ, ಮಾಗಿದ ಬಪ್ಪಂಗಾಯಿ, ರಾತ್ರಿ ನೆನೆಸಿದ ಹತ್ತು ಹದಿನೈದು ಒಣದ್ರಾಕ್ಷಿಯನ್ನು ನೀರು ಸಮೇತ. ಇದರ ಜೊತೆ ದಿನಕ್ಕೆ ಎಂಟರಿಂದ ಹತ್ತು ಲೋಟ ನೀರು ಹೋಗದಿದ್ದರೆ ನಾರೇ ಗಟ್ಟಿಯಾಗಿ ಕೂರುತ್ತದೆ. ಬಾಳೆಹಣ್ಣು ಚೆನ್ನಾಗಿ ಮಾಗಿ ಕಪ್ಪುಚುಕ್ಕೆ ಬಂದದ್ದಾಗಬೇಕು, ಅರೆಹಣ್ಣು ಕೆಲವರಿಗೆ ಕಟ್ಟುತ್ತದೆ. ಎದೆಯುರಿ ಇರುವವರು ಸಂಜೆಯ ಮೇಲೆ ಹುಳಿಹಣ್ಣು ಬಿಡಿ, ತಿಂದು ಎರಡು ಗಂಟೆ ಮಲಗಬೇಡಿ.

ರಂಜಾನ್ ಉಪವಾಸ, ಏಕಾದಶಿ? ಖರ್ಜೂರ ತಿಂದರೆ ಹೆರಿಗೆ ಸಲೀಸಂತೆ?

ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದವರಿಗೆ ಹೆರಿಗೆ ಸ್ವಲ್ಪ ಸುಲಭವಾಯಿತೆಂದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಶುಗರ್ ಇಲ್ಲದವರು ತಿನ್ನಬಹುದು, ಅದೇ ಆಧಾರದಲ್ಲಿ ಸಿಸೇರಿಯನ್ ತಪ್ಪುತ್ತದೆಂದು ನಂಬಿ ಕೂರಬೇಡಿ. ಉಪವಾಸದ ಮಟ್ಟಿಗೆ, ಗರ್ಭಿಣಿಗೆ ಎರಡೂ ಕಡೆ ರಿಯಾಯಿತಿ ಇದೆ. ಏಕಾದಶಿಗೆ ಬರೀ ಹಣ್ಣಿನಲ್ಲಿ ದಿನ ಕಳೆಯುವ ಬದಲು ಜೊತೆಗೆ ಹಾಲು, ಮೊಸರು, ನೆಲಗಡಲೆ ಇರಲಿ. ಮಾತ್ರೆಗಳಿಗೆ ವ್ರತವಿಲ್ಲ.

ಹೆರಿಗೆಯಾದ ಮೇಲೆ ಬಾಣಂತಿಗೆ ಹಣ್ಣು ಕೊಡುವುದಿಲ್ಲ, ಮಗುವಿಗೆ ಶೀತವಾಗುತ್ತದೆ ಎಂದು. ಸರಿಯಾ?

ಹಣ್ಣಿನ ತಂಪು ಎದೆಹಾಲಿಗೆ ಇಳಿಯುವುದಿಲ್ಲ. ಮಗುವಿಗೆ ಶೀತ ಬರುವುದು ನೋಡಲು ಬಂದವರ ಕೈ, ಕೆಮ್ಮಿನಿಂದ. ಹಾಲೂಡುವಾಗ ಸಿ ಜೀವಸತ್ವ 115 ಮಿ.ಗ್ರಾಂ ಬೇಕು, ಬಸುರಿಗಿಂತ ಹೆಚ್ಚು. ಕಬ್ಬಿಣದ ಮಾತ್ರೆ ಇನ್ನೂ 180 ದಿನ ಇದೆ. ಹೊಲಿಗೆ ಹಾಕಿಸಿಕೊಂಡವಳಿಗೆ ಮಲ ಗಟ್ಟಿಯಾದರೆ ಕಣ್ಣಲ್ಲಿ ನೀರು ಬರುತ್ತದೆ. ಲೇಹ, ಕಷಾಯಗಳ ನಡುವೆ ದಿನಕ್ಕೊಂದು ಬಟ್ಟಲು ಬಪ್ಪಂಗಾಯಿ ಅಥವಾ ಒಂದು ಪೇರಳೆ ಕೊಡಿ. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಕೊಟ್ಟರೆ ಅಜ್ಜಿಯ ತಕರಾರೂ ಇರುವುದಿಲ್ಲ.